ಫೋಲ್ಡರ್ ಒಳಗೇನಿದೆ ಅಂತ ಪಟ್ಟಿ ಬೇಕಾ? ರೈಟ್ ಕ್ಲಿಕ್ಕಿಗೇ ಸೇರಿಸ್ಕೊಳ್ಳಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಂತಿದ್ವು, ಅದಕ್ಕೇ ಬೇರೆ ವಿಷಯ ಎಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟು ಇದನ್ನೇ ಹಿಡ್ಕೊಂಡಿದೀನಿ. ಶುರು ಮಾಡೋಕೆ ಮುಂಚೆ ಒಂದು ಮಾತು. ಕಮಾಂಡುಗಳನ್ನ ಇಲ್ಲಿ ಕನ್ನಡ ಲಿಪಿಲೇ ಅಚ್ಚು ಹಾಕಿರ್ತೀವಿ, ನೀವು ಟೈಪ್ ಮಾಡೋವಾಗ ಇಂಗ್ಲಿಷ್ ಅಕ್ಷರದಲ್ಲಿ ಮಾಡಿ. ಡಿಐಆರ್ ಅಂದ್ರೆ ಡಿ, ಐ, ಆರ್, ಮೂರೇ ಅಕ್ಷರ.

ಪ್ರಶ್ನೆ: ಸಾರ್, ನಾನು ಶಿರಸಿ ಕಡೆಯವ, ರಿಟೈರ್ಡ್ ಮೇಷ್ಟ್ರು. ನಮ್ಮನೇಲಿದ್ದ ತಾಳಮದ್ದಲೆ ಕ್ಯಾಸೆಟ್ಟುಗಳನ್ನೆಲ್ಲ ಎಂಪಿ3 ಮಾಡಿಸಿ ಕಂಪ್ಯೂಟರಲ್ಲಿ ಹಾಕಿಟ್ಟಿದೀನಿ, ಪ್ರಸಂಗಕ್ಕೊಂದು ಫೋಲ್ಡರು, ಒಟ್ಟು ಸಾವಿರದ ನಾನೂರರ ಮೇಲಿದೆ ಫೈಲು. ಗೊತ್ತಿದ್ದವರೆಲ್ಲ ನಿಮ್ಹತ್ರ ಏನೇನಿದೆ ಪಟ್ಟಿ ಕೊಡಿ ಅಂತಾರೆ. ಕರ್ಣಪರ್ವದ ಫೋಲ್ಡರ್ ಒಂದನ್ನ ನೋಡಿ ನೋಡಿ ನೋಟ್ ಬುಕ್ಕಲ್ಲಿ ಬರ್ಕೊಳ್ಳೋಕೇ ಒಂದು ಮಧ್ಯಾಹ್ನ ಹೋಯ್ತು. ಮಗನ ಹತ್ರ ಕೇಳಿದ್ರೆ ಸ್ಕ್ರೀನ್‌ಶಾಟ್ ತೆಗೀರಿ ಅಂತಾನೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಹೆಸರಿನ ಪಟ್ಟಿ ಬರೋ ಹಾಗೆ ಮಾಡ್ಬಹುದಾ?

ಉತ್ತರ: ಮಾಡ್ಬಹುದು ಮೇಷ್ಟ್ರೇ, ಒಂದು ರೂಪಾಯಿ ಖರ್ಚಿಲ್ಲದೆ. ಇದಕ್ಕೆ ಅಂತಲೇ ಪುಕ್ಸಟ್ಟೆ ಸಾಫ್ಟ್‌ವೇರ್ ನೆಟ್ಟಲ್ಲಿ ಬೇಕಾದಷ್ಟು ಸಿಗತ್ತೆ, ಅದನ್ನ ಇಳಿಸ್ಕೊಳ್ಳೋಕೆ ಹೋಗಿ ಬ್ರೌಸರ್ ತುಂಬ ಜಾಹೀರಾತು ಅಂಟಿಸ್ಕೊಂಡು ಬಂದವರನ್ನೂ ನಾನು ನೋಡಿದೀನಿ, ಅದ್ಯಾವುದೂ ಬೇಡ. ಪಟ್ಟಿ ಮಾಡೋ ಕಮಾಂಡು ನಿಮ್ಮ ಕಂಪ್ಯೂಟರ್ ಒಳಗೇ ಇದೆ, ಡಿಐಆರ್ ಅಂತ. 1981ರಲ್ಲಿ ವಿಂಡೋಸಿಗೂ ಮುಂಚಿನ ಡಾಸ್ ಬಂದಾಗಿಂದ ಇರೋದು ಅದು, ಆಗ ಪಿಸಿಗೆ ಮೌಸೂ ಇರ್ಲಿಲ್ಲ ರೈಟ್ ಕ್ಲಿಕ್ಕೂ ಇರ್ಲಿಲ್ಲ, ಎರಡು ವರ್ಷ ಆದ್ಮೇಲೆ 1983ರ ಡಾಸ್ 2.0 ಬರೋ ತನಕ ಫೋಲ್ಡರ್ ಒಳಗೆ ಫೋಲ್ಡರ್ ಅನ್ನೋದೇ ಇರ್ಲಿಲ್ಲ. ರೈಟ್ ಕ್ಲಿಕ್ ಮೆನು ಮನೆಮನೆಗೆ ಬಂದಿದ್ದು ವಿಂಡೋಸ್ 95 ಜೊತೆ. ನಾವೀಗ ಮಾಡ್ತಿರೋದು ಆ ಹಳೇ ಮುದುಕನನ್ನ ಈ ಮೆನುವಿನೊಳಗೆ ಕೂರಿಸೋದು, ಅಷ್ಟೇ.

ಮೊದಲು ನೋಟ್‌ಪ್ಯಾಡ್ ತೆಗೆದು ಈ ನಾಲ್ಕು ಸಾಲು ಟೈಪ್ ಮಾಡಿ:

@ಎಕೋ ಆಫ್
ಸಿಎಚ್‌ಸಿಪಿ 65001 > ಎನ್‌ಯುಎಲ್
ಡಿಐಆರ್ "%~1" /ಬಿ /ಒ:ಜಿಎನ್ > "%ಟೆಂಪ್%\ಲಿಸ್ಟ್.ಟಿಎಕ್ಸ್‌ಟಿ"
ಸ್ಟಾರ್ಟ್ ನೋಟ್‌ಪ್ಯಾಡ್ "%ಟೆಂಪ್%\ಲಿಸ್ಟ್.ಟಿಎಕ್ಸ್‌ಟಿ"

ಎರಡನೇ ಸಾಲಿನ ಎನ್‌ಯುಎಲ್‌ಗೆ ಒಂದೇ ಎಲ್ಲು. ಇಂಗ್ಲಿಷ್ ಮೇಷ್ಟ್ರ ಥರ ಎರಡು ಎಲ್ ಹಾಕಿದ್ರೆ ಆ ಹೆಸರಿನ ಒಂದು ಫೈಲ್ ಹುಟ್ಕೊಂಡು ಕೂತ್ಕೊಳತ್ತೆ. ಮೂರನೇ ಸಾಲೇ ಇದರ ಜೀವ. %~1 ಅಂದ್ರೆ ನೀವು ಯಾವ ಫೋಲ್ಡರ್ ಕೊಡ್ತೀರೋ ಅದು. ಅದರ ಆಚೆ ಈಚೆ ಕೊಟೇಶನ್ ಗುರುತು ಮರೀಬೇಡಿ, "ಕೃಷ್ಣ ಸಂಧಾನ" ಅಂತ ಮಧ್ಯ ಜಾಗ ಬಿಟ್ಟು ಹೆಸರಿಟ್ಟಿದ್ರೆ ಕೊಟೇಶನ್ ಇಲ್ಲದೆ ಅದು ಕೃಷ್ಣನನ್ನೊಂದು ಕಡೆ ಸಂಧಾನವನ್ನೊಂದು ಕಡೆ ಹುಡುಕಿ, ಎರಡೂ ಸಿಗಲಿಲ್ಲ ಅನ್ನತ್ತೆ. /ಬಿ ಅಂದ್ರೆ ತಾರೀಕು, ಟೈಮು, ಸೈಜು ಏನೂ ಬೇಡ ಬರೀ ಹೆಸರು ಸಾಕು ಅಂತ. /ಒ:ಜಿಎನ್ ಅಂದ್ರೆ ಒಳಗಿನ ಫೋಲ್ಡರುಗಳು ಮೊದಲು, ಆಮೇಲೆ ಫೈಲುಗಳು, ಎರಡೂ ಹೆಸರಿನ ಕ್ರಮದಲ್ಲಿ. > ಗುರುತು ಸ್ಕ್ರೀನಿಗೆ ಬರಬೇಕಾದ್ದನ್ನ ಫೈಲಿಗೆ ತಿರುಗಿಸತ್ತೆ, ಗದ್ದೆಗೆ ನೀರು ತಿರುಗಿಸ್ದಂಗೆ.

ಪಟ್ಟಿನ ಅದೇ ಫೋಲ್ಡರಿಗೆ ಬರೀದೆ ಟೆಂಪ್ ಅನ್ನೋ ತಾತ್ಕಾಲಿಕ ಜಾಗಕ್ಕೆ ಯಾಕೆ ಬರಿಯೋದು ಅಂದ್ರೆ, ಕಮಾಂಡು ಮೊದಲು ಖಾಲಿ ಫೈಲ್ ಹುಟ್ಟಿಸಿ ಆಮೇಲೆ ಎಣಿಸೋಕೆ ಹೋಗತ್ತೆ, ಹಂಗಾಗಿ ಅಲ್ಲೇ ಬರೆದ್ರೆ ಪಟ್ಟಿಯೊಳಗೆ ಪಟ್ಟಿಯ ಹೆಸರೂ ಬಂದಿರತ್ತೆ, ಮದುವೆ ಮನೇಲಿ ಮುಯ್ಯಿ ಬರ್ಕೊಳ್ಳೋಕೆ ಕೂತವನು ತನ್ನ ಹೆಸರನ್ನೂ ಬರ್ಕೊಂಡ ಹಾಗೆ. ಸಿಡಿ ಡಿವಿಡಿ ಆದ್ರಂತೂ ಅದರೊಳಗೆ ಬರಿಯೋಕೇ ಆಗಲ್ಲ. ಟೆಂಪಿಗೆ ಹಾಕಿ ನೋಟ್‌ಪ್ಯಾಡಲ್ಲಿ ತೆರೆದ್ರೆ ಬೇಕಿದ್ದವರು ಸೇವ್ ಆಸ್ ಕೊಟ್ಟು ಬೇಕಾದ ಕಡೆ ಇಟ್ಕೋಬಹುದು, ಬೇಡದಿದ್ದವರು ಮುಚ್ಚಬಹುದು.

ಈಗ ಸೇವ್ ಮಾಡೋದು. ಹತ್ತರಲ್ಲಿ ಎಂಟು ಜನ ಬೀಳೋದು ಇಲ್ಲೇ. ಹೆಸರು ಪಟ್ಟಿ.ಬಿಎಟಿ (ಬಿಎಟಿ ಅನ್ನೋ ಬಾಲ ಇದ್ರೆ ಒಳಗಿನ ಸಾಲುಗಳನ್ನ ವಿಂಡೋಸು ಕಮಾಂಡಾಗಿ ಓಡಿಸತ್ತೆ) ಅಂತ ಕೊಡ್ತಾರೆ, ಆದ್ರೆ ಕೆಳಗಡೆ ಸೇವ್ ಆಸ್ ಟೈಪ್ ಅನ್ನೋ ಕಡೆ ಟೆಕ್ಸ್ಟ್ ಅಂತಲೇ ಇರತ್ತೆ, ನೋಟ್‌ಪ್ಯಾಡು ಹಿಂದುಗಡೆ ಸದ್ದಿಲ್ಲದೆ ಇನ್ನೊಂದು ಟಿಎಕ್ಸ್‌ಟಿ ಅಂಟಿಸಿಬಿಡತ್ತೆ, ವಿಂಡೋಸು ಆ ಬಾಲವನ್ನ ಕಣ್ಣಿಗೆ ಕಾಣದಂತೆ ಮುಚ್ಚಿಡತ್ತೆ, ಡಬಲ್ ಕ್ಲಿಕ್ ಮಾಡಿದ್ರೆ ನೀವು ಬರೆದ ನಾಲ್ಕು ಸಾಲೇ ಮತ್ತೆ ನಿಮ್ಮ ಮುಖ ನೋಡತ್ತೆ. ಆ ಪೆಟ್ಟಿಗೇಲಿ ಆಲ್ ಫೈಲ್ಸ್ ಅಂತ ಬದಲಾಯಿಸಿ ಸೇವ್ ಮಾಡಿ. ಐಕಾನಲ್ಲಿ ಹಲ್ಲಿನ ಚಕ್ರ ಕಂಡ್ರೆ ಸರಿಯಾಗಿದೆ ಅಂತ ತಿಳ್ಕೊಳ್ಳಿ.

ಇನ್ನು ರೈಟ್ ಕ್ಲಿಕ್ಕಿಗೆ ಸೇರಿಸೋದಕ್ಕೆ ಎರಡು ದಾರಿ ಇದೆ, ನಿಮಗೆ ನಾನು ಹೇಳೋದು ಸುಲಭದ್ದು. ಕೀಬೋರ್ಡಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರೋ ಸಣ್ಣ ಪೆಟ್ಟಿಗೇಲಿ ಶೆಲ್:ಸೆಂಡ್‌ಟು ಅಂತ ಟೈಪ್ ಮಾಡಿ ಎಂಟರ್ ಕೊಡಿ, ಮಧ್ಯ ಎಲ್ಲೂ ಜಾಗ ಬಿಡಬೇಡಿ. ಒಂದು ಫೋಲ್ಡರ್ ತೆರ್ಕೊಳತ್ತೆ, ಅದರೊಳಗೆ ಈ ಪಟ್ಟಿ.ಬಿಎಟಿ ಫೈಲನ್ನ ಎಳೆದು ಹಾಕಿ. ಮುಗೀತು. ಇನ್ಮೇಲೆ ಯಾವ ಪ್ರಸಂಗದ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಸೆಂಡ್ ಟು ಅಂದ್ರೂ ಅಲ್ಲಿ ಪಟ್ಟಿ ಅಂತ ಇರತ್ತೆ, ಒತ್ತಿದ್ರೆ ಕರಿ ಕಿಟಕಿ ಒಂದು ಕ್ಷಣ ಮಿಂಚಿ ಮಾಯ ಆಗಿ ನೋಟ್‌ಪ್ಯಾಡಲ್ಲಿ ಹೆಸರುಗಳು ಸಾಲಾಗಿ ಬಂದಿರತ್ವೆ. ಒಂದು ಮಧ್ಯಾಹ್ನದ ಕೆಲಸ ಕಣ್ಣು ಮಿಟುಕಿಸೋದ್ರೊಳಗೆ.

ಎಲ್ಲ ಪ್ರಸಂಗಗಳದ್ದೂ ಒಟ್ಟಿಗೆ ಬೇಕು ಅಂದ್ರೆ ಮೂರನೇ ಸಾಲಲ್ಲಿ /ಬಿ ಪಕ್ಕ ಒಂದು ಜಾಗ ಬಿಟ್ಟು /ಎಸ್ ಸೇರಿಸಿ, ಒಳಗಿನ ಒಳಗಿನ ಫೋಲ್ಡರಿಗೂ ಇಳಿದು ಪೂರ್ತಿ ವಿಳಾಸ ಸಮೇತ ಬರ್ಕೊಂಡು ಬರತ್ತೆ. ಇದನ್ನ ಬೇರೆ ಹೆಸರಲ್ಲಿ ಇನ್ನೊಂದು ಫೈಲ್ ಮಾಡಿ ಅಲ್ಲೇ ಇಟ್ಕೊಂಡ್ರೆ ಮೆನುವಲ್ಲಿ ಎರಡೂ ಸಿಗತ್ತೆ. ಆದ್ರೆ /ಎಸ್ ಹಾಕಿದ್ದನ್ನ ನೋಡದೆ ಪ್ರಿಂಟಿಗೆ ಮಾತ್ರ ಕೊಡಬೇಡಿ. ನಾನು ಡಿಟಿಪಿ ಅಂಗಡೀಲಿ ಕೆಲಸಕ್ಕಿದ್ದಾಗ ಡಿಐಆರ್ ಹಾಕಿ > ಮುಂದೆ ಪಿಆರ್‌ಎನ್ ಅಂತ ಕೊಟ್ರೆ ಪಟ್ಟಿ ಸೀದಾ ಪ್ರಿಂಟರಿಗೆ ಹೋಗತ್ತೆ ಅಂತ ಹೊಸದಾಗಿ ಕಲಿತಿದ್ದೆ, ಅದೇ ಜೋಶಲ್ಲಿ ಸಿ ಡ್ರೈವಿನ ನೆತ್ತಿ ಮೇಲೆ ನಿಂತು /ಎಸ್ ಹಾಕಿ ಎಂಟರ್ ಒತ್ತಿ ಟೀ ಕುಡಿಯೋಕೆ ಹೋದೆ. ವಾಪಸ್ ಬಂದಾಗ ಡಾಟ್ ಮ್ಯಾಟ್ರಿಕ್ಸು ಕರ್ರ್ ಕರ್ರ್ ಅಂತ ಹಾಡ್ತಾ ಇತ್ತು, ಎರಡೂ ಕಡೆ ತೂತಿರೋ ಉದ್ದನೆ ಕಾಗದ ಮೇಜಿಂದ ಇಳಿದು ಬಾಗಿಲು ದಾಟಿ ಮೆಟ್ಟಿಲ ಮೇಲೆ ಮಡಚ್ಕೊಂಡು ಬಿದ್ದಿತ್ತು. ಓನರು ಏನೂ ಅನ್ಲಿಲ್ಲ, ಆ ತಿಂಗಳ ಸಂಬಳದ ಕವರಲ್ಲಿ ಕಾಗದದ ಬಿಲ್ಲೂ ಇಟ್ಟಿದ್ರು.

ಇನ್ನೊಂದು. ನಿಮ್ಮ ಫೈಲುಗಳಿಗೆ ಭಾಗ 1, ಭಾಗ 2 ಅಂತ ಹತ್ತರ ತನಕ ಹೆಸರಿದ್ರೆ ಪಟ್ಟೀಲಿ 1 ಆದ್ಮೇಲೆ 10 ಬಂದು ಆಮೇಲೆ 2 ಬರತ್ತೆ. ಫೋಲ್ಡರ್ ಕಿಟಕೀಲಿ ಸರಿಯಾಗೇ ಕಾಣತ್ತೆ ಯಾಕಂದ್ರೆ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಆ ಕಿಟಕಿ ಅಂಕಿಯನ್ನ ಅಂಕಿ ಅಂತಲೇ ಓದತ್ತೆ, ಡಿಐಆರ್‌ಗೆ ಆ ಬುದ್ಧಿ ಇಲ್ಲ, ಅದು ಅಕ್ಷರದ ಲೆಕ್ಕದಲ್ಲಿ ಜೋಡಿಸತ್ತೆ. 01, 02 ಅಂತ ಹೆಸರಿಟ್ರೆ ಸರಿಹೋಗತ್ತೆ.

ಪ್ರಶ್ನೆ: ಸೆಂಡ್ ಟು ಒಳಗೆಲ್ಲ ಹೋಗೋದು ಬೇಡ ಸಾರ್, ಮೆನುವಲ್ಲೇ ಮೇಲುಗಡೆ "ಪಟ್ಟಿ ಮಾಡು" ಅಂತ ಕನ್ನಡದಲ್ಲೇ ಬರಬೇಕು, ಫ್ರೆಂಡ್ಸಿಗೆ ತೋರಿಸ್ಬೇಕು. ಆಗತ್ತಾ? ಇಂಜಿನಿಯರಿಂಗ್ ಎರಡನೇ ವರ್ಷ, ದಾವಣಗೆರೆ.

ಉತ್ತರ: ಆಗತ್ತಪ್ಪ, ಆದ್ರೆ ರಿಜಿಸ್ಟ್ರಿ ಮುಟ್ಟಬೇಕು. ರಿಜಿಸ್ಟ್ರಿ ಅಂದ್ರೆ ವಿಂಡೋಸಿನ ಪಹಣಿ ಇದ್ದಂಗೆ, ಯಾವ ಫೈಲು ಯಾರಿಗೆ ಸೇರಿದ್ದು, ಯಾವ ಮೆನುವಲ್ಲಿ ಏನು ಬರಬೇಕು ಎಲ್ಲ ಅಲ್ಲಿ ದಾಖಲಾಗಿರತ್ತೆ, ತಪ್ಪು ಕಡೆ ಅಳಿಸಿದ್ರೆ ಮ್ಯುಟೇಶನ್ ಮಾಡ್ಸೋಕೆ ತಹಸೀಲ್ದಾರರೂ ಸಿಗಲ್ಲ. ಅದಕ್ಕೇ ಮೊದಲು ರೆಜ್‌ಎಡಿಟ್ ಅನ್ನೋ ರಿಜಿಸ್ಟ್ರಿ ತಿದ್ದೋ ಪ್ರೋಗ್ರಾಮ್ ತೆರೆದು ಫೈಲ್ ಮೆನುವಿಂದ ಎಕ್ಸ್‌ಪೋರ್ಟ್ ಕೊಟ್ಟು ಒಂದು ಕಾಪಿ ತೆಗೆದಿಟ್ಕೋ.

ನೆಟ್ಟಲ್ಲಿ ಹೇಳೋರೆಲ್ಲ ಎಚ್‌ಕೆಇವೈ ಕ್ಲಾಸಸ್ ರೂಟ್ ಒಳಗೆ ಹೋಗು ಅಂತಾರೆ, ನಾನು ಅಲ್ಲಿ ಬೇಡ ಅಂತೀನಿ. ಎಚ್‌ಕೆಇವೈ ಕರೆಂಟ್ ಯೂಸರ್ ಒಳಗೆ ಸಾಫ್ಟ್‌ವೇರ್, ಅದರೊಳಗೆ ಕ್ಲಾಸಸ್, ಅದರೊಳಗೆ ಡೈರೆಕ್ಟರಿ, ಅದರೊಳಗೆ ಶೆಲ್. ಇಲ್ಲಿ ಮಾಡಿದ್ದು ನಿನ್ನ ಒಬ್ಬನ ಲಾಗಿನ್ನಿಗೆ ಮಾತ್ರ ಅನ್ವಯ, ಅಡ್ಮಿನ್ ಪರ್ಮಿಶನ್ನೂ ಬೇಡ, ಕೆಟ್ರೂ ಮನೆಯವರ ಲಾಗಿನ್ ಕೆಡಲ್ಲ. ಡೈರೆಕ್ಟರಿ, ಶೆಲ್ ಅನ್ನೋವು ಅಲ್ಲಿ ಇಲ್ಲದೇ ಇರಬಹುದು, ಇಲ್ಲ ಅಂದ್ರೆ ರೈಟ್ ಕ್ಲಿಕ್, ನ್ಯೂ, ಕೀ ಅಂತ ಕೊಟ್ಟು ನೀನೇ ಹುಟ್ಟಿಸು. ಶೆಲ್ ಒಳಗೆ ಪಟ್ಟಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಒಂದು ಕೀ, ಅದರ ಬಲಗಡೆ ಡಿಫಾಲ್ಟ್ ಅಂತ ಇರತ್ತಲ್ಲ ಅದನ್ನ ಡಬಲ್ ಕ್ಲಿಕ್ ಮಾಡಿ "ಪಟ್ಟಿ ಮಾಡು" ಅಂತ ಅಚ್ಚ ಕನ್ನಡದಲ್ಲಿ ಟೈಪ್ ಮಾಡು, ಮೆನುವಲ್ಲಿ ಹಂಗೇ ಕಾಣತ್ತೆ. ಆಮೇಲೆ ಆ ಕೀ ಒಳಗೆ ಕಮಾಂಡ್ ಅಂತ ಇನ್ನೊಂದು ಕೀ, ಅದರ ಡಿಫಾಲ್ಟಿಗೆ ಇದು:

"ಸಿ:\ಟೂಲ್ಸ್\ಪಟ್ಟಿ.ಬಿಎಟಿ" "%1"

ಅಂದ್ರೆ ಮೇಷ್ಟ್ರಿಗೆ ಹೇಳಿದ ಅದೇ ನಾಲ್ಕು ಸಾಲಿನ ಫೈಲನ್ನ ಸಿ ಡ್ರೈವಲ್ಲಿ ಟೂಲ್ಸ್ ಅಂತ ಫೋಲ್ಡರ್ ಮಾಡಿ ಇಟ್ಟಿರಬೇಕು. ಕಮಾಂಡನ್ನೆಲ್ಲ ರಿಜಿಸ್ಟ್ರಿಯೊಳಗೇ ತುರುಕೋದೂ ಉಂಟು, ನಾಳೆ /ಎಸ್ ಸೇರಿಸ್ಬೇಕು ಅನ್ಸಿದ್ರೆ ಮತ್ತೆ ಇಷ್ಟು ಆಳ ಇಳೀಬೇಕಾಗತ್ತೆ, ಫೈಲ್ ಆದ್ರೆ ನೋಟ್‌ಪ್ಯಾಡಲ್ಲೇ ತಿದ್ದಿದ್ರಾಯ್ತು.

ಇಷ್ಟು ಮಾಡಿದ್ರೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಬರತ್ತೆ. ಫೋಲ್ಡರ್ ಒಳಗೆ ಹೋಗಿ ಖಾಲಿ ಜಾಗದಲ್ಲಿ ಮಾಡಿದ್ರೆ ಬರಲ್ಲ, ಅದಕ್ಕೆ ಡೈರೆಕ್ಟರಿ ಒಳಗೆ ಬ್ಯಾಕ್‌ಗ್ರೌಂಡ್, ಅದರೊಳಗೆ ಶೆಲ್ ಅಂತ ಬೇರೆ ಮನೆ ಇದೆ, ಅಲ್ಲೂ ಇದೇ ಥರ ಮಾಡು, ಆದ್ರೆ %1 ಬದಲು %ವಿ, ವಿ ದೊಡ್ಡಕ್ಷರದಲ್ಲಿ. ಪೆನ್‌ಡ್ರೈವ್ ಮೇಲೂ ಬರಬೇಕು ಅಂದ್ರೆ ಡೈರೆಕ್ಟರಿ ಬದಲು ಡ್ರೈವ್ ಅನ್ನೋ ಕೀ. ಮೆನು ಗಿಜಿಗಿಜಿ ಅನ್ಸಿದ್ರೆ ಪಟ್ಟಿ ಕೀ ಒಳಗೆ ಎಕ್ಸ್‌ಟೆಂಡೆಡ್ ಅಂತ ಒಂದು ಖಾಲಿ ಸ್ಟ್ರಿಂಗ್ ವ್ಯಾಲ್ಯೂ ಹಾಕು, ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿದಾಗ ಮಾತ್ರ ಮುಖ ತೋರಿಸತ್ತೆ. ಸಾಕಾಯ್ತು ಅಂದ್ರೆ ಪಟ್ಟಿ ಅನ್ನೋ ಆ ಒಂದು ಕೀ ಡಿಲೀಟ್ ಮಾಡು, ಶೆಲ್ಲನ್ನ ಅಲ್ಲ.

ಪ್ರಶ್ನೆ: ಎಲ್ಲ ಮಾಡಿದೆ, ಬರ್ತಿಲ್ಲ. ನಂದು ವಿಂಡೋಸ್ 11.

ಉತ್ತರ: ಬಂದಿರತ್ತೆ, ಬಚ್ಚಿಟ್ಕೊಂಡಿರತ್ತೆ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮೆನುವನ್ನ ಚೆಂದ ಮಾಡೋಕೆ ಹೋಗಿ ಹಳೇ ಕಾಲದ್ದನ್ನೆಲ್ಲ ಶೋ ಮೋರ್ ಆಪ್ಶನ್ಸ್ ಹಿಂದೆ ತಳ್ಳಿದಾರೆ, ಸೆಂಡ್ ಟು ಕೂಡ ಅಲ್ಲೇ. ಶಿಫ್ಟ್ ಹಿಡಿದು ರೈಟ್ ಕ್ಲಿಕ್ ಮಾಡಿ, ಹಳೇ ಮೆನುವೇ ಸೀದಾ ಬರತ್ತೆ. ಒಂದು ಫೋಲ್ಡರಿನ ಪಟ್ಟಿ ಒಂದೇ ಸಲಕ್ಕೆ ಸಾಕು ಅನ್ನೋರಿಗೆ 11ರಲ್ಲಿ ಇನ್ನೂ ಸುಲಭದ್ದಿದೆ, ಫೋಲ್ಡರ್ ಒಳಗೆ ಹೋಗಿ ಕಂಟ್ರೋಲ್ ಎ ಒತ್ತಿ ಎಲ್ಲ ಆರಿಸ್ಕೊಂಡು ಕಂಟ್ರೋಲ್ ಶಿಫ್ಟ್ ಸಿ ಒತ್ತಿ, ಎಲ್ಲ ಫೈಲಿನ ಪೂರ್ತಿ ವಿಳಾಸ ಕಾಪಿ ಆಗಿರತ್ತೆ, ಎಲ್ಲಿ ಬೇಕೋ ಪೇಸ್ಟ್ ಮಾಡ್ಕೊಳ್ಳಿ. ಹೆಸರಿಗೆ ಕೊಟೇಶನ್ ಗುರುತು ಸೇರ್ಕೊಂಡು ಬರತ್ತೆ, ರಿಪ್ಲೇಸ್ ಮಾಡಿ ತೆಗೀಬೇಕು.

ಪ್ರಶ್ನೆ: ಮೇಡಂ ಒಬ್ರು ಹೇಳಿಕೊಟ್ಟ ಡಿಐಆರ್ ಕಮಾಂಡು ನಮ್ಮ ಲೈಬ್ರರೀಲಿ ಬಳಸ್ತೀವಿ. ಇಂಗ್ಲಿಷ್ ಹೆಸರಿನ ಫೈಲೆಲ್ಲ ಸರಿ ಬರತ್ತೆ, ಕನ್ನಡ ಹೆಸರಿದ್ದಲ್ಲೆಲ್ಲ ಬರೀ ????? ಅಂತ ಪ್ರಶ್ನಾರ್ಥಕ ಚಿಹ್ನೆ. ಕನ್ನಡಕ್ಕೆ ಯಾಕೆ ಹೀಗೆ? ಮೈಸೂರು.

ಉತ್ತರ: ಕನ್ನಡಕ್ಕೊಂದೇ ಅಲ್ಲ ಅಮ್ಮ, ತಮಿಳಿಗೂ ತೆಲುಗಿಗೂ ಅದೇ ಗತಿ. ಫೈಲಿನ ಹೆಸರನ್ನ ವಿಂಡೋಸು ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡೋ ಯೂನಿಕೋಡಲ್ಲೇ ಇಟ್ಕೊಂಡಿರತ್ತೆ, ಆದ್ರೆ ಕರಿ ಕಿಟಕಿ ಅದನ್ನ ಫೈಲಿಗೆ ಸುರಿಯೋವಾಗ ಕೋಡ್ ಪೇಜ್ ಅನ್ನೋ ಹಳೇ ಅಕ್ಷರಮಾಲೆಯ ಪಟ್ಟಿ ನೋಡತ್ತೆ, ಸಾಮಾನ್ಯವಾಗಿ 437 ಇಲ್ಲಾ 850. ಅದರಲ್ಲಿ ಇರೋದೇ 256 ಗುರುತು, ಕನ್ನಡದ ಒಂದಕ್ಷರಕ್ಕೂ ಜಾಗ ಇಲ್ಲ, ಗೊತ್ತಿಲ್ಲದ್ದಕ್ಕೆಲ್ಲ ? ಹಾಕತ್ತೆ. ಮೇಲಿನ ಫೈಲಲ್ಲಿ ಎರಡನೇ ಸಾಲಾಗಿ ಸಿಎಚ್‌ಸಿಪಿ 65001 ಹಾಕಿಸಿದ್ದು ಇದಕ್ಕೇ, 65001 ಅಂದ್ರೆ ಯುಟಿಎಫ್-8, ಅದರಲ್ಲಿ ಎಲ್ಲ ಭಾಷೆಗೂ ಜಾಗ ಇದೆ, ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟು. ಕರಿ ಕಿಟಕೀಲಿ ನೋಡಿದ್ರೆ ಆಗ್ಲೂ ಚೌಕ ಚೌಕ ಕಾಣ್ಬಹುದು, ಅದು ಅಲ್ಲಿನ ಫಾಂಟಿನ ತಾಪತ್ರಯ, ಫೈಲಲ್ಲಿ ಸರಿಯಾಗೇ ಬಿದ್ದಿರತ್ತೆ. ಒಮ್ಮೆ ? ಆಗಿ ಸೇವ್ ಆದ ಹಳೇ ಪಟ್ಟಿಗಳನ್ನ ಮಾತ್ರ ವಾಪಸ್ ಕನ್ನಡ ಮಾಡೋಕಾಗಲ್ಲ, ಹೊಸದಾಗೇ ತೆಗೀಬೇಕು.

ಇದು ಸರಿಯಾದ್ಮೇಲೂ ಕೆಲವು ಹೆಸರು ಕೊಂಬು ಚುಕ್ಕಿ ಮೆತ್ಕೊಂಡಿರೋ ಇಂಗ್ಲಿಷ್ ಅಕ್ಷರದ ಥರ ಬಂದಿರತ್ವೆ, ನೋಡಿ ಬೇಕಿದ್ರೆ. ಅದು ಕಮಾಂಡಿನ ತಪ್ಪಲ್ಲ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟಲ್ಲಿ ಟೈಪ್ ಮಾಡಿ ಸೇವ್ ಒತ್ತಿದ್ರೆ ವರ್ಡು ಮೊದಲನೇ ಸಾಲನ್ನೇ ಫೈಲಿನ ಹೆಸರಾಗಿ ಸೂಚಿಸತ್ತೆ, ನಾವು ನೋಡದೆ ಎಂಟರ್ ಹೊಡೀತೀವಿ. ಆ ಫಾಂಟುಗಳಲ್ಲಿ ಕನ್ನಡ ಕಾಣೋದು ಫಾಂಟಿನ ವೇಷ ಹಾಕಿದಾಗ ಮಾತ್ರ, ಒಳಗಿರೋದು ಇಂಗ್ಲಿಷ್ ಕೋಡೇ, ಫೈಲಿನ ಹೆಸರಿಗೆ ವೇಷ ಹಾಕೋಕಾಗಲ್ಲ. ಕನ್ವರ್ಟರಲ್ಲಿ ಹಾಕಿ ಯೂನಿಕೋಡ್ ಮಾಡಿ ಹೆಸರು ಬದಲಾಯಿಸ್ಬೇಕು, ಬೇರೆ ದಾರಿ ಇಲ್ಲ.

ಲೈಬ್ರರಿ ಅಂದಿದ್ರಿಂದ ಇದನ್ನೂ ಹೇಳ್ತೀನಿ. "ರಾಜ್‌ಕುಮಾರ್" ಅಂತ ಜ್‌ ಬಿಡಿಸಿ ಬರಿಯೋಕೆ ಮಧ್ಯೆ ಕಣ್ಣಿಗೆ ಕಾಣದ ಒಂದು ಗುರುತು ಹಾಕ್ತೀವಿ, ಕೆಲವರು ಅದು ಬೇಕಿಲ್ಲದ ಕಡೆ, ಪದದ ಕೊನೇಲೂ ಒತ್ತಿಬಿಡ್ತಾರೆ. ಆಗ ನೋಡೋಕೆ ಒಂದೇ ಥರ ಇರೋ ಎರಡು ಹೆಸರು ಕಂಪ್ಯೂಟರಿಗೆ ಬೇರೆ ಬೇರೆ. ಒಂದೇ ಪುಸ್ತಕ ಪಟ್ಟೀಲಿ ಎರಡು ಸಲ ಬಂದ್ರೆ, ಇಲ್ಲಾ ಕಣ್ಣೆದುರೇ ಇದ್ರೂ ಹುಡುಕಿದ್ರೆ ಸಿಗ್ಲಿಲ್ಲ ಅಂದ್ರೆ ಮೊದಲು ಇದನ್ನ ಅನುಮಾನಿಸಿ.

ಪ್ರಶ್ನೆ: ನಂದು ಹಾಸನದಲ್ಲಿ ಫೋಟೋ ಸ್ಟುಡಿಯೋ. ಪಾರ್ಟಿಗೆ ಕೊಡೋಕೆ ಹೆಸರಿನ ಜೊತೆ ಸೈಜು, ತಾರೀಕೂ ಬೇಕು, ಎಕ್ಸೆಲ್ಲಲ್ಲಿ.

ಉತ್ತರ: /ಬಿ ತೆಗೆದ್ರೆ ಡಿಐಆರ್ ಸೈಜು ತಾರೀಕು ಎರಡೂ ಕೊಡತ್ತೆ, ಆದ್ರೆ ಅದನ್ನ ಎಕ್ಸೆಲ್ಲಲ್ಲಿ ಕಾಲಂ ಕಾಲಂ ಮಾಡೋದು ಹೇನು ಹೆಕ್ಕೋ ಕೆಲಸ. ನಿಮ್ಮಲ್ಲಿ ಎಕ್ಸೆಲ್ 2016 ಇಲ್ಲಾ ಅದಕ್ಕಿಂತ ಹೊಸದಿದ್ರೆ ರೈಟ್ ಕ್ಲಿಕ್ ಸಹವಾಸವೇ ಬೇಡ, ಡೇಟಾ ಟ್ಯಾಬಲ್ಲಿ ಹೊಸ ಡೇಟಾ ತರೋ ಬಟನ್ ಒಳಗೆ ಫ್ರಂ ಫೈಲ್, ಅದರೊಳಗೆ ಫ್ರಂ ಫೋಲ್ಡರ್ ಅಂತಿದೆ. ಫೋಲ್ಡರ್ ತೋರಿಸಿದ್ರೆ ಹೆಸರು, ಎಕ್ಸ್‌ಟೆನ್ಶನ್, ತಾರೀಕು ಎಲ್ಲ ಬೇರೆ ಬೇರೆ ಕಾಲಮ್ಮಲ್ಲಿ ಬರತ್ತೆ, ಒಳಗಿನ ಫೋಲ್ಡರಿಂದು ಕೂಡ. ಸೈಜು ಅಲ್ಲೇ ಆಟ್ರಿಬ್ಯೂಟ್ಸ್ ಅನ್ನೋ ಕಾಲಮ್ಮಿನ ಒಳಗಿದೆ, ಅದರ ತಲೆ ಮೇಲಿರೋ ಎರಡು ಬಾಣದ ಗುರುತು ಒತ್ತಿ ಬಿಡಿಸ್ಕೋಬೇಕು.

ಪ್ರಶ್ನೆ: ನಮ್ಮ ಸಂಘದ ಆಫೀಸಲ್ಲಿ ಇನ್ನೂ ವಿಂಡೋಸ್ ಎಕ್ಸ್‌ಪಿ. ಅದರಲ್ಲಿ ಫೋಲ್ಡರ್ ಆಪ್ಶನ್ಸ್, ಫೈಲ್ ಟೈಪ್ಸ್ ಒಳಗೆ ಹೋಗಿ ಪಟ್ಟಿ ಕಮಾಂಡು ಸೇರಿಸಿದೆ. ಈಗ ಯಾವ ಫೋಲ್ಡರ್ ಡಬಲ್ ಕ್ಲಿಕ್ ಮಾಡಿದ್ರೂ ಫೋಲ್ಡರ್ ತೆರೆಯಲ್ಲ, ಪಟ್ಟಿನೇ ಬರತ್ತೆ! ಸೆಕ್ರೆಟರಿ ಬೈತಿದಾರೆ.

ಉತ್ತರ: ಎಕ್ಸ್‌ಪೀದು ಹಳೇ ಚಾಳಿ ಇದು, ಕೊನೇಲಿ ಸೇರಿಸಿದ ಕೆಲಸವನ್ನೇ ಮುಖ್ಯ ಕೆಲಸ ಅಂತ ತಿಳ್ಕೊಂಡುಬಿಡತ್ತೆ. ರೆಜ್‌ಎಡಿಟಲ್ಲಿ ಎಚ್‌ಕೆಇವೈ ಕ್ಲಾಸಸ್ ರೂಟ್, ಡೈರೆಕ್ಟರಿ, ಶೆಲ್ ತನಕ ಹೋಗಿ, ಶೆಲ್ ಮೇಲೆ ನಿಂತಾಗ ಬಲಗಡೆ ಕಾಣೋ ಡಿಫಾಲ್ಟಿಗೆ ಎನ್, ಓ, ಎನ್, ಇ ಅಂತ ನಾಲ್ಕಕ್ಷರ ಕೊಡಿ, ಮತ್ತೆ ಮೊದಲಿನ ಥರ ತೆರೆಯತ್ತೆ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲೇ ಮೈಕ್ರೋಸಾಫ್ಟು ಸಪೋರ್ಟ್ ನಿಲ್ಸಿದೆ, ಆ ಮಿಷಿನ್ನಿಗೆ ಇಂಟರ್ನೆಟ್ ಕೊಟ್ಟಿದ್ರೆ ಇವತ್ತೇ ಕಿತ್ತುಹಾಕಿ. ಸೆಕ್ರೆಟರಿ ಬೈದ್ರೆ ಇದನ್ನೇ ತೋರಿಸಿ ಹೊಸ ಕಂಪ್ಯೂಟರ್ ಕೇಳಿ.

ಪ್ರಶ್ನೆ: ಫೋಲ್ಡರೊಳಗೆ ಫೋಲ್ಡರ್ ಹೆಂಗಿದೆ ಅಂತ ವಂಶವೃಕ್ಷದ ಥರ ಬರೋ ಹಾಗೆ ಮಾಡ್ಬಹುದಾ? ಉಡುಪಿ.

ಉತ್ತರ: ಮೂರನೇ ಸಾಲಲ್ಲಿ ಡಿಐಆರ್ ತೆಗೆದು ಟ್ರೀ ಅಂತ ಹಾಕಿ, ಫೋಲ್ಡರ್ ಹೆಸರಾದ್ಮೇಲೆ /ಬಿ /ಒ:ಜಿಎನ್ ಬದಲು /ಎಫ್ /ಎ. /ಎಫ್ ಹಾಕದಿದ್ರೆ ಬರೀ ಫೋಲ್ಡರುಗಳು ಬರತ್ವೆ, ಫೈಲು ಬರಲ್ಲ. /ಎ ಹಾಕದಿದ್ರೆ ಕೊಂಬೆ ಗೀಟುಗಳು ಕೆಲವು ಕಡೆ ವಿಚಿತ್ರ ಅಕ್ಷರವಾಗಿ ಪ್ರಿಂಟ್ ಆಗತ್ವೆ.